ಬ್ಯಾಟರಿಯನ್ನು ಬೈಯುವ ಮುನ್ನ

ಮಕ್ಕಳೇ, ನಮ್ಮ ಹಳೆಯ ಅಂಬಾಸಿಡರ್ ಕಾರು ಬೆಳಿಗ್ಗೆ ಸ್ಟಾರ್ಟ್ ಆಗಲು ಹಟ ಮಾಡತೊಡಗಿತು. ಹೊಸ ಬ್ಯಾಟರಿ ತರೋಣವೆಂದರು ಮನೆಯವರು. ನಾನು ತಡೆದೆ. ಬ್ಯಾಟರಿ ಕೊಡವಿದ್ದಂತೆ, ಅದನ್ನು ತುಂಬಿಸುವುದು ಡೈನಮೊ.

ತುಂಬಿದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಎಂಜಿನ್ ವೇಗವಾಗಿ ತಿರುಗುವಾಗ 14ರ ಆಸುಪಾಸಿಗೆ ಏರಬೇಕು. ಮೊಮ್ಮಗಳು ಮೀಟರ್ ಓದಿದಳು: "12 ದಾಟುತ್ತಲೇ ಇಲ್ಲ ತಾತ!" ಕೆಂಪು ದೀಪವೂ ಆರಲಿಲ್ಲ.

ಎಂಜಿನ್ ನಿಲ್ಲಿಸಿ, ಡೈನಮೊ ತಿರುಗಿಸುವ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿದೆ. ಅರ್ಧ ಅಂಗುಲ ಬಗ್ಗಬೇಕಾದದ್ದು ಎರಡು ಅಂಗುಲ ಬಗ್ಗಿತು! ಬಿಗಿ ಮಾಡಿದೆ. ಟರ್ಮಿನಲ್‌ಗೆ ಮೆತ್ತಿದ್ದ ಬಿಳಿ ಹುಡಿ ಉಜ್ಜಿ ತೆಗೆದೆ. ಮೀಟರ್ 14ಕ್ಕೆ ಏರಿತು; ಬ್ಯಾಟರಿಯ ದುಡ್ಡು ಉಳಿಯಿತು.

ಏರದಿದ್ದರೆ ಡೈನಮೊದ ಬ್ರಷ್ ಸವೆದಿದೆಯೇ, ರೆಗ್ಯುಲೇಟರ್ ಸರಿಯಿದೆಯೇ ಎಂದು ಮೆಕ್ಯಾನಿಕ್ ನೋಡಬೇಕು. ಓಡುವ ಎಂಜಿನ್ ಹತ್ತಿರ ಮಾತ್ರ ಮಕ್ಕಳ ಕೈ ಬೇಡ!