ಹಳ್ಳದ ಪಾಚಿ ಮತ್ತು ನಮ್ಮ ಪಲ್ಪಿಂಗ್ ನೀರು

ಹಳ್ಳದ ಕಲ್ಲು ಜಾರುವುದು ಪಾಚಿಯಿಂದ ಎಂಬುದು ಎಲ್ಲರಿಗೂ ಗೊತ್ತು. ಆದರೆ ಎಲ್ಲ ಪಾಚಿಯೂ ಒಂದೇ ಅಲ್ಲ. ನೀರು ಹೇಗೋ ಪಾಚಿ ಹಾಗೆ. ಸೀಸೆಯಲ್ಲಿ ತುಂಬಿ ಪರೀಕ್ಷೆಗೆ ಕಳುಹಿಸಿದ ನೀರು ಆ ಗಳಿಗೆಯ ಸ್ಥಿತಿಯನ್ನಷ್ಟೇ ತಿಳಿಸುತ್ತದೆ. ಕಲ್ಲಿಗೆ ಅಂಟಿ ಬದುಕುವ ಪಾಚಿಯಾದರೋ ಹಿಂದಿನ ಕೆಲವು ವಾರಗಳ ಸಂಗತಿಯನ್ನೂ ತೋರಿಸುತ್ತದೆ. ಇಂಥ ಸಸ್ಯಜೀವಿಗಳನ್ನು ನೋಡಿಯೇ ಹೊಳೆಯ ಮಾಲಿನ್ಯವನ್ನು ಅಳೆಯುವ ಕ್ರಮವೊಂದನ್ನು ಜರ್ಮನಿಯ ಕೋಲ್ಕ್‌ವಿಟ್ಸ್ ಮತ್ತು ಮಾರ್ಸನ್ ಎಂಬ ವಿಜ್ಞಾನಿಗಳು 1908ರಲ್ಲಿ ಪ್ರಕಟಿಸಿದರು.

ಕಾಡಿನಿಂದ ನೇರವಾಗಿ ಇಳಿದು ಬರುವ ಹಳ್ಳದ ಕಲ್ಲನ್ನು ಎತ್ತಿ ನೋಡಿರಿ. ಮೇಲೆ ಕಂದು ಬಣ್ಣದ ತೆಳುವಾದ ಲೋಳೆ ಇರುತ್ತದೆ. ಇದರಲ್ಲಿ ಹೆಚ್ಚಿನವು ಡಯಾಟಮ್‌ಗಳು, ಅಂದರೆ ಗಾಜಿನಂಥ ಚಿಪ್ಪುಳ್ಳ ಏಕಕೋಶ ಪಾಚಿಗಳು. ಸಣ್ಣ ಹುಳುಗಳಿಗೂ ಕಲ್ಲು ಕೆರೆದು ತಿನ್ನುವ ಮೀನುಗಳಿಗೂ ಇದೇ ಆಹಾರ. ಅದೇ ಹಳ್ಳ ತೋಟ, ಕೊಟ್ಟಿಗೆಗಳನ್ನು ದಾಟಿದ ಮೇಲೆ ಹಸಿರು ಎಳೆಗಳು ಕೂದಲಿನಂತೆ ಉದ್ದಕ್ಕೆ ತೇಲುತ್ತಿದ್ದರೆ ನೀರಿಗೆ ಸಾರಜನಕ, ರಂಜಕಗಳು ಸೇರುತ್ತಿವೆಯೆಂದು ಊಹಿಸಬಹುದು. ಗಿಡದ ಬುಡಕ್ಕೆಂದು ದುಡ್ಡು ಕೊಟ್ಟು ತಂದ ಗೊಬ್ಬರ ಹಳ್ಳದಲ್ಲಿ ಬೆಳೆ ತೆಗೆಯುತ್ತಿದೆ! ಹಗಲಲ್ಲಿ ಈ ಪಾಚಿ ಆಮ್ಲಜನಕ ಬಿಡುತ್ತದೆ ನಿಜ. ರಾತ್ರಿ ತಾನೇ ಅದನ್ನು ಉಸಿರಾಡುತ್ತದೆ. ಪಾಚಿ ದಟ್ಟವಾದ ಮಡುಗಳಲ್ಲಿ ಮೀನು ಸಾಯುವುದು ಸಾಮಾನ್ಯವಾಗಿ ಬೆಳಗಿನ ಜಾವದಲ್ಲಿ.

ಇವೆರಡಕ್ಕಿಂತಲೂ ಕೆಟ್ಟದ್ದು ಬೂದು ಬಣ್ಣದ್ದು. ಪಲ್ಪಿಂಗ್ ಕಾಲದಲ್ಲಿ ಹಳ್ಳದ ಕಲ್ಲು, ಕಡ್ಡಿಗಳಿಗೆ ಕೊಳೆತ ಹತ್ತಿಯಂತೆ ಅಂಟಿಕೊಳ್ಳುವ ಲೋಳೆಯನ್ನು ಅನೇಕರು ಪಾಚಿಯೆಂದೇ ತಿಳಿದಿದ್ದಾರೆ. ಅದು ಪಾಚಿಯಲ್ಲ, ಬಹುಪಾಲು ಸ್ಫೀರೋಟೈಲಸ್ ಮೊದಲಾದ ಬ್ಯಾಕ್ಟೀರಿಯಗಳ ಎಳೆ. ಪಾಚಿಗೆ ಬೇಕಾದದ್ದು ಬಿಸಿಲು, ಇದಕ್ಕೆ ಬೇಕಾದದ್ದು ಸಕ್ಕರೆ. ಕಾಫಿ ಹಣ್ಣಿನ ತಿರುಳು ಮತ್ತು ಲೋಳೆ ತೊಳೆದ ನೀರಿನಲ್ಲಿ ಸಕ್ಕರೆ, ಪೆಕ್ಟಿನ್‌ಗಳು ಧಾರಾಳವಾಗಿವೆ. 1 ಕಿಲೋ ಸಕ್ಕರೆ ಪೂರ್ತಿ ಕೊಳೆಯಲು ಸುಮಾರು 1 ಕಿಲೋ ಆಮ್ಲಜನಕ ಬೇಕು. 25 ಡಿಗ್ರಿ ಉಷ್ಣತೆಯಲ್ಲಿ ಒಂದು ಲೀಟರ್ ನೀರಿನಲ್ಲಿ ಕರಗಿರುವುದು ಸುಮಾರು 8 ಮಿಲಿಗ್ರಾಂ ಮಾತ್ರ. ಲೆಕ್ಕ ಹಾಕಿದರೆ, ಒಂದು ಕಿಲೋ ಸಕ್ಕರೆ ಲಕ್ಷ ಲೀಟರಿಗೂ ಮಿಕ್ಕಿದ ನೀರಿನ ಉಸಿರನ್ನು ಕಟ್ಟಿಸಬಲ್ಲದು. ಅದೂ ಮಳೆ ನಿಂತು ಹಳ್ಳ ಸೊರಗಿರುವ ಡಿಸೆಂಬರ್, ಜನವರಿಯಲ್ಲಿ. ಕೆಳಗಿನ ಊರಿನವರು ಆ ನೀರನ್ನೇ ದನಗಳಿಗೆ ಕುಡಿಸಬೇಕು.

ಹೊಂಡಕ್ಕೆ ಸುಣ್ಣ ಹಾಕಿದರೆ ಸಾಕೆಂಬ ಭಾವನೆ ನಮ್ಮಲ್ಲಿ ಕೆಲವರಿಗಿದೆ. ಹುಳಿಯೆದ್ದ ಪಲ್ಪಿಂಗ್ ನೀರಿನ ಪಿ.ಎಚ್. 4ರ ಆಸುಪಾಸಿಗೆ ಇಳಿಯುವುದರಿಂದ ಸುಣ್ಣ ಬೇಕೇ ಬೇಕು. ಆದರೆ ಸುಣ್ಣದಿಂದ ಹುಳಿ ಮುರಿಯುತ್ತದೆ, ಸಕ್ಕರೆ ಹಾಗೆಯೇ ಉಳಿಯುತ್ತದೆ. ಅದನ್ನು ಕರಗಿಸಲು ಬ್ಯಾಕ್ಟೀರಿಯಗಳಿಗೆ ಹೊಂಡದಲ್ಲಿಯೇ ದಿನಗಟ್ಟಲೆ ಕಾಲ ಕೊಡಬೇಕು. ಬಳಸುವ ನೀರು ಕಡಿಮೆಯಾದಷ್ಟೂ ಹೊಂಡದಲ್ಲಿ ಅದು ನಿಲ್ಲುವ ಅವಧಿ ಹೆಚ್ಚುತ್ತದೆ. ಪಲ್ಪರಿಗೆ ಅದೇ ನೀರನ್ನು ತಿರುಗಿ ಹಾಯಿಸುವುದರ ಲಾಭ ಇದು. ಸಿಪ್ಪೆಯನ್ನು ನೀರಿನಿಂದ ಬೇಗ ಬೇರ್ಪಡಿಸಿ ಗೊಬ್ಬರದ ಗುಂಡಿಗೆ ಹಾಕಿದರೆ ಅರ್ಧ ಕೆಲಸ ಹಗುರ. ಹಳ್ಳಕ್ಕೆ ಕೊಳೆ ನೀರು ಬಿಡುವುದು 1974ರ ಜಲಮಾಲಿನ್ಯ ಕಾಯಿದೆಯ ಪ್ರಕಾರ ಅಪರಾಧವೂ ಹೌದು.

ಅಡಕೆಯವರಿಗೂ ಒಂದು ಮಾತು. ಕಲ್ಲು ಬೋಳಾಗಿ, ಪಾಚಿಯೇ ಇಲ್ಲದಿದ್ದರೆ ನೀರು ಶುದ್ಧವೆಂದು ಹಿಗ್ಗಬೇಡಿರಿ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಮೈಲುತುತ್ತ ಪಾಚಿಗೂ ವಿಷ. ಕುಡಿಯುವ ನೀರಿನ ಕೆರೆಗಳ ಪಾಚಿ ಕೊಲ್ಲಲು ಅದನ್ನು ಬಳಸುವ ವಿಧಾನವನ್ನು ಅಮೆರಿಕದ ಕೃಷಿ ಇಲಾಖೆ 1904ರಲ್ಲಿಯೇ ಪ್ರಕಟಿಸಿತ್ತು. ಮಲೆನಾಡಿನ ಮೆದು ನೀರಿನಲ್ಲಿ ತಾಮ್ರದ ವಿಷ ಗಡಸು ನೀರಿಗಿಂತ ಹೆಚ್ಚು ತೀವ್ರ. ಆದ್ದರಿಂದ ಡ್ರಮ್ಮು, ಪಂಪುಗಳನ್ನು ಹಳ್ಳದಲ್ಲಿ ಅದ್ದಿ ತೊಳೆಯಬಾರದು. ತೊಳೆದ ನೀರನ್ನು ಮುಂದಿನ ದ್ರಾವಣಕ್ಕೆ ಬಳಸಿಕೊಳ್ಳಬಹುದು.

ಈ ಸಲ ಪಲ್ಪಿಂಗ್ ಆರಂಭವಾಗಿ ಎರಡು ವಾರ ಕಳೆದ ಮೇಲೆ, ನಿಮ್ಮ ಹೊಂಡದ ಮೇಲ್ಭಾಗದಿಂದ ಒಂದು ಕಲ್ಲು, ಕೆಳಭಾಗದಿಂದ ಒಂದು ಕಲ್ಲು ಎತ್ತಿ ಪಕ್ಕಪಕ್ಕ ಇಟ್ಟು ನೋಡಿರಿ. ಕೆಳಗಿನದು ಬೂದಾಗಿದ್ದರೆ ಹೊಂಡ ಸೋರುತ್ತಿದೆ ಅಥವಾ ಸಾಲದಾಗಿದೆ.