ಮಣ್ಣಿನ ಓಟ ಕಲಿಸುವ ದೇಹಪಾಠ

ಮುಂಬಯಿಯ ಉಪನಗರಗಳಲ್ಲಿ ನೆಲೆಸಿದ ನಮ್ಮವರ ದಿನಚರಿಯಲ್ಲಿ ದ್ವಿಚಕ್ರ ವಾಹನಕ್ಕೆ ಇಂದು ಖಾಯಂ ಸ್ಥಾನ ದೊರೆತಿದೆ. ಡೊಂಬಿವಲಿಯಲ್ಲಿ ತಂದೆ ಸ್ಕೂಟರನ್ನು ನಿಲ್ದಾಣದ ಬಳಿ ನಿಲ್ಲಿಸಿ ಲೋಕಲ್ ಹಿಡಿಯುತ್ತಾರೆ. ಠಾಣೆಯಲ್ಲಿಯೋ ನವಿ ಮುಂಬಯಿಯಲ್ಲಿಯೋ ಮಗ ಮೋಟಾರ್ ಸೈಕಲ್ ಏರಿ ಕಾಲೇಜಿಗೆ ಹೋಗುತ್ತಾನೆ. ಲೈಸೆನ್ಸ್ ಪಡೆಯುವಾಗ ರಸ್ತೆಯ ನಿಯಮಗಳನ್ನು ಕೇಳುತ್ತಾರೆ. ಎಂಟರ ಆಕಾರದಲ್ಲಿ ಗಾಡಿ ತಿರುಗಿಸಲು ಹೇಳುತ್ತಾರೆ. ಆದರೆ ಗಾಡಿಯ ಮೇಲೆ ದೇಹವನ್ನು ಹೇಗೆ ಇರಿಸಬೇಕೆಂಬುದನ್ನು ಕಲಿಸುವವರು ವಿರಳ. 2022ರಲ್ಲಿ ಭಾರತದ ರಸ್ತೆಗಳಲ್ಲಿ ಮಡಿದವರು 1,68,491 ಮಂದಿ. ಅವರಲ್ಲಿ ಶೇಕಡಾ 44.5ರಷ್ಟು ಜನ ದ್ವಿಚಕ್ರ ವಾಹನದಲ್ಲಿದ್ದವರು. ಆದುದರಿಂದ ಈ ವಿಷಯ ಆರೋಗ್ಯದ ಪುಟಗಳಲ್ಲಿ ಬರುವುದು ಉಚಿತವೇ ಆಗಿದೆ.

ದೇಹದ ನಿಲುವನ್ನೇ ಮೊದಲ ಪಾಠವೆಂದು ಕಲಿಸುವ ಒಂದು ಕ್ರೀಡೆಯಿದೆ. ಅದರ ಹೆಸರು ಫ್ಲ್ಯಾಟ್ ಟ್ರ್ಯಾಕ್, ಅರ್ಥಾತ್ ಸಮತಟ್ಟಾದ ಮಣ್ಣಿನ ಅಂಡಾಕಾರದ ಹಾದಿಯಲ್ಲಿ ಎಡಕ್ಕೆ ತಿರುಗುತ್ತಾ ಸುತ್ತುವ ಮೋಟಾರ್ ಸೈಕಲ್ ಓಟ.

ಕ್ರೀಡೆಯ ಹಿನ್ನೆಲೆ

ಈ ಓಟದ ತವರು ಅಮೆರಿಕ. ಸಾಂಪ್ರದಾಯಿಕ ಫ್ಲ್ಯಾಟ್ ಟ್ರ್ಯಾಕ್ ಯಂತ್ರಕ್ಕೆ ಮುಂದಿನ ಬ್ರೇಕ್ ಇರುತ್ತಿರಲಿಲ್ಲ. ತಿರುವಿನಲ್ಲಿ ಹಿಂದಿನ ಚಕ್ರವನ್ನು ಬೇಕೆಂದೇ ಜಾರಿಸಿ, ಆ ಜಾರುವಿಕೆಯಿಂದಲೇ ವೇಗವನ್ನೂ ದಿಕ್ಕನ್ನೂ ಹತೋಟಿಗೆ ತರಬೇಕು. ಇಂಥ ಮಣ್ಣಿನಲ್ಲಿ ಪಳಗಿದ ಕೆನ್ನಿ ರಾಬರ್ಟ್ಸ್ 1978ರಲ್ಲಿ ಡಾಂಬರು ಹಾದಿಯ 500 ಸಿ.ಸಿ. ವಿಶ್ವಪ್ರಶಸ್ತಿ ಗಳಿಸಿದ ಪ್ರಥಮ ಅಮೆರಿಕನ್ನರಾದರು. ಇಟಲಿಯ ವ್ಯಾಲೆಂಟಿನೊ ರಾಸ್ಸಿ ಸ್ವಂತ ಊರಾದ ತವುಲ್ಲಿಯದಲ್ಲಿ ಮಣ್ಣಿನ ಹಾದಿಯನ್ನೇ ನಿರ್ಮಿಸಿಕೊಂಡು ಅಭ್ಯಾಸ ನಡೆಸಿದರು.

ಕನ್ನಡಿಗರಿಗೂ ಈ ಲೋಕ ಅಪರಿಚಿತವಲ್ಲ. ಮುಂಬಯಿಯ ಇರಾನಿ ಕುಟುಂಬದವರು ಮೈಸೂರಿನಲ್ಲಿ ಸ್ಥಾಪಿಸಿದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತಾದರೂ ಅಲ್ಲಿ ತಯಾರಾದ ಜಾವಾ, ಯೆಜ್ಡಿ ಗಾಡಿಗಳನ್ನು ಹಿರಿಯರು ಮರೆತಿಲ್ಲ. ಚೆಕೊಸ್ಲೊವಾಕಿಯದ ಮೂಲ ಜಾವಾ ಸಂಸ್ಥೆಯ ವಿಶೇಷ ಯಂತ್ರಗಳು ಫ್ಲ್ಯಾಟ್ ಟ್ರ್ಯಾಕಿಗೆ ಸೋದರನಂತಿರುವ ಸ್ಪೀಡ್‌ವೇ ಓಟದಲ್ಲಿ ದಶಕಗಳ ಕಾಲ ಮೆರೆದವು. ಇತ್ತೀಚೆಗೆ ಬೆಂಗಳೂರಿನ ಸಿ. ಎಸ್. ಸಂತೋಷ್ 2015ರಲ್ಲಿ ಡಾಕರ್ ರ್ಯಾಲಿಯನ್ನು ಪೂರೈಸಿದ ಮೊದಲ ಭಾರತೀಯರೆನಿಸಿದರು. ಉಡುಪಿಯ ಕೆ. ಪಿ. ಅರವಿಂದ್ 2019ರಲ್ಲಿ ಅದೇ ಸಾಧನೆ ಮಾಡಿದರು. ಸಂತೋಷ್ ಅವರು ಕೋಲಾರದ ಬಳಿ ಕಟ್ಟಿದ ‘ಬಿಗ್ ರಾಕ್’ ಮಣ್ಣಿನ ಮೈದಾನದಲ್ಲಿ ರಾಯಲ್ ಎನ್‌ಫೀಲ್ಡ್ ಸಂಸ್ಥೆಯ ‘ಸ್ಲೈಡ್ ಸ್ಕೂಲ್’ ಎಂಬ ಫ್ಲ್ಯಾಟ್ ಟ್ರ್ಯಾಕ್ ಶಿಕ್ಷಣವೂ ನಡೆದಿದೆ.

ಗಾಡಿ ವಾಲಲಿ, ದೇಹ ನಿಲ್ಲಲಿ

ಸವಾರನ ತೂಕ 70 ಕಿಲೋ, ಗಾಡಿಯ ತೂಕ 150 ಕಿಲೋ ಎಂದು ಭಾವಿಸೋಣ. ಒಟ್ಟು 220 ಕಿಲೋದಲ್ಲಿ ಸವಾರನ ಪಾಲು ಸುಮಾರು ಮೂರನೆಯ ಒಂದು ಭಾಗ. ಅಷ್ಟು ದೊಡ್ಡ ಪಾಲುದಾರನು ಸುಮ್ಮನೆ ಕುಳಿತರೆ ವ್ಯವಹಾರ ನಡೆಯುವುದೆಂತು?

ತಿರುವಿನಲ್ಲಿ ಗಾಡಿ, ಸವಾರ ಇಬ್ಬರೂ ಸೇರಿದ ಒಟ್ಟು ತೂಕ ಎಷ್ಟು ವಾಲಬೇಕೆಂಬುದನ್ನು ವೇಗವೂ ತಿರುವಿನ ಅಗಲವೂ ನಿರ್ಧರಿಸುತ್ತವೆ. 30 ಮೀಟರ್ ತ್ರಿಜ್ಯದ ತಿರುವನ್ನು ಗಂಟೆಗೆ 43 ಕಿಲೋಮೀಟರ್ ವೇಗದಲ್ಲಿ ದಾಟಲು ಸುಮಾರು 26 ಡಿಗ್ರಿ ವಾಲಬೇಕು. ಜಮಾ-ಖರ್ಚಿನ ಪುಸ್ತಕದಂತೆ ಈ ಮೊತ್ತ ತಾಳೆಯಾಗಲೇಬೇಕು. ಅದನ್ನು ಗಾಡಿಯ ಖಾತೆಗೆ ಎಷ್ಟು, ದೇಹದ ಖಾತೆಗೆ ಎಷ್ಟು ಎಂದು ಹಂಚುವ ಸ್ವಾತಂತ್ರ್ಯ ಮಾತ್ರ ಸವಾರನದು.

ಡಾಂಬರಿನ ಓಟಗಾರನು ದೇಹವನ್ನು ತಿರುವಿನ ಒಳಕ್ಕೆ ಇಳಿಸಿ ಗಾಡಿಯ ವಾಲುವಿಕೆಯನ್ನು ತಗ್ಗಿಸುತ್ತಾನೆ. ಅಲ್ಲಿ ಟೈರಿನ ಹಿಡಿತ ಭದ್ರ. ಮಣ್ಣಿನಲ್ಲಿ ಹಿಡಿತ ಯಾವ ಗಳಿಗೆಯಲ್ಲಾದರೂ ತಪ್ಪಬಹುದು. ದೇಹ ಒಳಗೆ ತೂಗುತ್ತಿರುವಾಗ ಟೈರು ಜಾರಿದರೆ ಸವಾರ ನೇರವಾಗಿ ನೆಲಕ್ಕೆ. ಆದುದರಿಂದ ಇಲ್ಲಿ ಗಾಡಿಯನ್ನು ತನ್ನ ಅಡಿಯಲ್ಲಿ ಹೆಚ್ಚು ವಾಲಿಸಿ, ತಾನು ಅದರ ಮೇಲೆ ಹೆಚ್ಚು ನೆಟ್ಟಗೆ ಇರಬೇಕು. ಆಗ ಟೈರಿನ ಅಂಚು ಮಣ್ಣನ್ನು ಕಚ್ಚುತ್ತದೆ; ಚಕ್ರ ಜಾರಿದರೂ ಮೇಲಿರುವ ದೇಹಕ್ಕೆ ಸರಿಪಡಿಸಿಕೊಳ್ಳಲು ಕ್ಷಣಕಾಲದ ಅವಕಾಶ ಸಿಗುತ್ತದೆ. ತುಳುನಾಡಿನ ಕಂಬಳದಲ್ಲಿ ಕೋಣಗಳ ಹಿಂದೆ ಹಲಗೆಯ ಮೇಲೆ ನಿಂತು ಬರುವವರನ್ನು ಕಂಡವರಿಗೆ ಈ ತತ್ವ ಸುಲಭವಾಗಿ ಮನದಟ್ಟಾದೀತು. ಕೆಸರಿನಲ್ಲಿ ಹಲಗೆ ಅಲುಗುತ್ತಿದ್ದರೂ ಮೇಲಿನ ಶರೀರ ತೂಕ ಕಾಯ್ದುಕೊಳ್ಳಬೇಕು.

ಅಭ್ಯಾಸದ ಕ್ರಮ

ಮೊದಲು ಗಾಡಿಯನ್ನು ನಿಲ್ಲಿಸಿ, ಇನ್ನೊಬ್ಬರು ಹಿಡಿದುಕೊಂಡಿರುವಾಗ ಭಂಗಿಯನ್ನು ರೂಢಿಸಿಕೊಳ್ಳಬೇಕು. ಅನಂತರ ನಿಧಾನವಾದ ವೃತ್ತಗಳು. ವೇಗವು ಕೊನೆಯ ಪಾಠ. ಎಡತಿರುವಿನಲ್ಲಿ ಗಮನಿಸಬೇಕಾದ ಅಂಶಗಳಿವು:

1. ಆಸನ: ಸೀಟಿನ ಹೊರ ಅಂಚಿಗೆ, ಅಂದರೆ ಬಲಕ್ಕೆ ಸರಿದು ಕುಳಿತುಕೊಳ್ಳಬೇಕು. ಬಲಪಾದ ಫುಟ್‌ರೆಸ್ಟನ್ನು ಒತ್ತುತ್ತಿರಬೇಕು. ಬಲಮೊಣಕಾಲು ಪೆಟ್ರೋಲ್ ಟ್ಯಾಂಕಿಗೆ ತಾಗಿರಬೇಕು.

2. ತೋಳುಗಳು: ಬಲಮೊಣಕೈ ಮೇಲೆದ್ದು ಬಾಗಿರಬೇಕು. ಎಡಗೈ ಹೆಚ್ಚು ನೇರವಾಗಿ ಚಾಚಿ ಹ್ಯಾಂಡಲನ್ನು ಕೆಳಗೆ ಒತ್ತುತ್ತದೆ. ಎರಡರಲ್ಲಿಯೂ ಬಿಗಿತ ಸಲ್ಲದು.

3. ಬೆನ್ನು: ಸೊಂಟದ ಕೀಲಿನಿಂದ ತುಸು ಮುಂದಕ್ಕೆ ಬಾಗಬೇಕು, ಬೆನ್ನನ್ನು ಬಿಲ್ಲಿನಂತೆ ಬಗ್ಗಿಸಬಾರದು.

4. ಎಡಗಾಲು: ಮೊಣಕಾಲು ಮಡಿಸಿ ಪಾದವನ್ನು ಮುಂದಕ್ಕೆ ಚಾಚಿ ನೆಲವನ್ನು ಸವರುವಂತಿರಬೇಕು. ಅದಕ್ಕೆಂದೇ ಓಟಗಾರರು ಎಡಬೂಟಿಗೆ ಉಕ್ಕಿನ ಅಟ್ಟೆ ತೊಡುತ್ತಾರೆ. ಆ ಕಾಲಿನ ಮೇಲೆ ದೇಹದ ಭಾರ ಹಾಕಬಾರದು. ಪಾದ ಹಿಂದಕ್ಕೆ ಎಳೆಯಲ್ಪಟ್ಟರೆ ಮೊಣಕಾಲು ತಿರುಚಿ ಒಳಗಿನ ಅಸ್ಥಿಬಂಧಗಳು ಹರಿಯುವ ಅಪಾಯವಿದೆ.

5. ತಲೆ, ಕಣ್ಣು: ತಲೆ ನೆಟ್ಟಗಿರಬೇಕು. ದೃಷ್ಟಿ ಮುಂದಿನ ಚಕ್ರದ ಮೇಲಿರದೆ ತಿರುವಿನ ಕೊನೆಯಲ್ಲಿರಬೇಕು. ಕಣ್ಣು ಹೋದತ್ತ ಹೆಗಲು, ಹೆಗಲು ಹೋದತ್ತ ಗಾಡಿ.

ಬಿಗಿತವೆಂಬ ಶತ್ರು

ಹೊಸಬರನ್ನು ಬಾಧಿಸುವ ದೊಡ್ಡ ದೋಷ ಭಯದಿಂದ ಹುಟ್ಟುವ ಬಿಗಿತ. ಹ್ಯಾಂಡಲನ್ನು ಬಲವಾಗಿ ಅಮುಕಿದರೆ ಮುಂಗೈಯ ಸ್ನಾಯುಗಳು ಉಬ್ಬಿ, ರಕ್ತಸಂಚಾರಕ್ಕೆ ಅಡ್ಡಿಯಾಗಿ, ಬೆರಳುಗಳು ಮರಗಟ್ಟುತ್ತವೆ. ಬ್ರೇಕ್ ಹಿಡಿಯುವುದು ತಡವಾಗುತ್ತದೆ. ತೋಳು ಸೆಟೆದಿದ್ದರೆ ನೆಲದ ಪ್ರತಿಯೊಂದು ಕುಲುಕಾಟ ಹೆಗಲಿಗೂ ಕತ್ತಿಗೂ ಏರುತ್ತದೆ. ಬೆನ್ನು ಬಗ್ಗಿಸಿ ಕುಳಿತವನ ಸೊಂಟದ ಬೆನ್ನುಮೂಳೆಗಳ ನಡುವಣ ಮೆತ್ತೆಗಳಿಗೆ ಆ ಆಘಾತ ನೇರವಾಗಿ ತಟ್ಟುತ್ತದೆ. ದೇಹವನ್ನು ಹಿಡಿದಿಡುವ ಕೆಲಸ ತೊಡೆ, ಹೊಟ್ಟೆ ಮತ್ತು ಪಾದಗಳದ್ದು; ಕೈಗಳ ಕೆಲಸ ದಿಕ್ಕು ತೋರುವುದಷ್ಟೇ. ಬೈಠಕ್, ನೌಕಾಸನ, ವೃಕ್ಷಾಸನಗಳನ್ನು ದಿನವೂ ಹತ್ತು ನಿಮಿಷ ಮಾಡಿದರೆ ಈ ಅಂಗಗಳು ಬಲಗೊಳ್ಳುತ್ತವೆ. ಮೊದಲೇ ಬೆನ್ನುನೋವು ಇರುವವರು ವೈದ್ಯರ ಸಲಹೆ ಪಡೆದೇ ಆರಂಭಿಸುವುದು ಲೇಸು.

ಮುಂಬಯಿಯ ರಸ್ತೆಗೆ ಯಾವುದು, ಯಾವುದಲ್ಲ

ಓಟದ ಪಾಠವನ್ನೆಲ್ಲ ರಸ್ತೆಗೆ ತರಲಾಗದು. ನಗರದ ರಸ್ತೆಯಲ್ಲಿ ಕಾಲು ಚಾಚುವುದು ಅಪಾಯಕರ. ಪಾದಗಳು ಫುಟ್‌ರೆಸ್ಟಿನ ಮೇಲೆಯೇ ಇರಬೇಕು. ಹಿಂದಿನ ಚಕ್ರ ಜಾರಿಸುವ ಪ್ರಯೋಗವಂತೂ ಕೂಡದು. ಕಲಿಯುವ ಹಂಬಲವುಳ್ಳ ಯುವಕರು ಗುರುವಿರುವ ಮುಚ್ಚಿದ ಮೈದಾನಕ್ಕೇ ಹೋಗಬೇಕು.

ಆದರೆ ದೃಷ್ಟಿ ದೂರದಲ್ಲಿರುವುದು, ಕೈ ಸಡಿಲವಾಗಿರುವುದು, ಮೊಣಕಾಲುಗಳು ಟ್ಯಾಂಕಿಗೆ ತಾಗಿರುವುದು, ಇವು ಎಲ್ಲ ರಸ್ತೆಗಳಿಗೂ ಸಲ್ಲುವ ಗುಣಗಳು. ಹೌಸಿಂಗ್ ಸೊಸೈಟಿಯ ಕಿರಿದಾದ ಅಂಗಳದಲ್ಲಿ ನಿಧಾನವಾಗಿ ಗಾಡಿ ತಿರುಗಿಸುವಾಗ ದೇಹ ನೆಟ್ಟಗಿದ್ದು ಗಾಡಿ ಮಾತ್ರ ವಾಲುವ ಮಣ್ಣಿನ ಪಾಠವೇ ನೆರವಾಗುತ್ತದೆ. ಮಳೆಗಾಲದಲ್ಲಿ ಪೇವರ್ ಬ್ಲಾಕ್, ಬಿಳಿ ಪಟ್ಟೆ, ಚೆಲ್ಲಿದ ಮರಳು ಕಂಡಾಗ ತಿರುವಿಗೆ ಮೊದಲೇ ವೇಗ ತಗ್ಗಿಸಬೇಕು. ಅವುಗಳ ಮೇಲೆ ಥಟ್ಟನೆ ಬ್ರೇಕ್ ಹಾಕಬಾರದು. ಹೊಂಡ ಬಂದಾಗ ಗೇರಿನ ಗಾಡಿಯಲ್ಲಿ ಸೀಟಿನಿಂದ ತುಸು ಮೇಲೆದ್ದು ಮೊಣಕಾಲು ಸಡಿಲಿಸಿದರೆ ಬೆನ್ನು ಉಳಿಯುತ್ತದೆ. ಸ್ಕೂಟರ್ ಸವಾರರು ವೇಗ ತಗ್ಗಿಸಿ, ಸೀಟಿನಲ್ಲಿ ಮುಂದೆ ಸರಿದು ನೆಟ್ಟಗೆ ಕೂರುವುದು ಒಳಿತು.

ಎಷ್ಟೇ ಪರಿಣತಿಯಿದ್ದರೂ ರಕ್ಷಾಕವಚ ಬೇಕೇ ಬೇಕು. ಅನುಭವಿ ಸಂತೋಷ್ ಅವರೇ 2021ರ ಜನವರಿಯಲ್ಲಿ ಸೌದಿ ಅರೇಬಿಯದ ಡಾಕರ್ ರ್ಯಾಲಿಯಲ್ಲಿ ಬಿದ್ದು, ತಲೆಗೆ ತೀವ್ರ ಪೆಟ್ಟಾಗಿ, ದೀರ್ಘ ಚಿಕಿತ್ಸೆಯ ಬಳಿಕ ಚೇತರಿಸಿಕೊಂಡರು. ಹೆಲ್ಮೆಟ್, ಕೈಗವಸು, ಪಾದ ಮುಚ್ಚುವ ಗಟ್ಟಿ ಬೂಟು ಇವನ್ನು ಮೈದಾನದಲ್ಲಿ ಬಿಡದವರು ಬೀದಿಯಲ್ಲಿ ಬಿಡುವುದು ಯಾವ ಲೆಕ್ಕದಲ್ಲಿಯೂ ಲಾಭದ ಬಾಬಲ್ಲ. ನಿಲ್ದಾಣದವರೆಗಿನ ಅರ್ಧ ಮೈಲಿಯೂ ರಸ್ತೆಯೇ. ಹಿಂದೆ ಕುಳಿತ ಮಡದಿಗೂ ಹೆಲ್ಮೆಟ್ ಕೊಟ್ಟು, ಅದರ ಪಟ್ಟಿ ಬಿಗಿದ ಮೇಲೆಯೇ ಗಾಡಿ ಹೊರಡಲಿ.