ಸಾಂತಾಕ್ರೂಜಿನಿಂದ ಬಜ್ಪೆಗೆ ಎಷ್ಟು ಹೊತ್ತು?

ಊರಿನಿಂದ ಕೆಟ್ಟ ಸುದ್ದಿ ಬಂದಾಗ ನಮ್ಮವರು ಮೊದಲು ಕೇಳುವುದು, “ವಿಮಾನದಲ್ಲಿ ಹೋದರೆ ಎಷ್ಟು ಹೊತ್ತು?” ಎಂದೇ. “ಒಂದೂವರೆ ಗಂಟೆ” ಎಂದು ಗಲ್ಲಾದಲ್ಲಿ ಕುಳಿತವರು ಕೂಡಲೇ ಉತ್ತರ ಕೊಡುತ್ತಾರೆ. ಹೋಟೆಲು ನಡೆಸುತ್ತಿದ್ದ ಕಾಲದಲ್ಲಿ ನಾವೂ ಹಾಗೆಯೇ ಹೇಳಿದವರು. ಆ ಮಾತು ಸುಳ್ಳಲ್ಲ. ಆದರೆ ಅದನ್ನು ನಂಬಿ ನೊಂದವರುಂಟು.

ಸಾಂತಾಕ್ರೂಜಿನಿಂದ ಮಂಗಳೂರಿನ ಬಜ್ಪೆಗೆ ಆಕಾಶಮಾರ್ಗದ ನೇರ ದೂರ ಸುಮಾರು 715 ಕಿಲೋಮೀಟರು. ಬಜ್ಪೆಯ ನಿಲ್ದಾಣವು ಆರಂಭವಾದುದು 1951ರ ಡಿಸೆಂಬರ್ 25ರಂದು. ಪ್ರಧಾನಿ ನೆಹರೂ ಅವರು ಡಕೋಟಾ ವಿಮಾನದಲ್ಲಿ ಅಲ್ಲಿ ಬಂದಿಳಿದಿದ್ದರು. ಅಂತಹ ಡಕೋಟಾಕ್ಕೆ ಇಷ್ಟು ದೂರ ಹಾರಲು ಎರಡೂವರೆ ಗಂಟೆಯಷ್ಟು ಬೇಕು. ಇಂದಿನ ಜೆಟ್ ವಿಮಾನವು ಗಂಟೆಗೆ ಸುಮಾರು 800 ಕಿಲೋಮೀಟರು ವೇಗದಲ್ಲಿ ಸಾಗುವುದರಿಂದ, ಏರುವ ಇಳಿಯುವ ಸಮಯವನ್ನು ಸೇರಿಸಿದರೂ ಗಾಳಿಯಲ್ಲಿರುವುದು ಒಂದು ಗಂಟೆಗಿಂತ ತುಸು ಹೆಚ್ಚು ಮಾತ್ರ. ವೇಳಾಪಟ್ಟಿಯಲ್ಲಿ ಒಂದೂವರೆ ಗಂಟೆ ಕಾಣುವುದೇಕೆಂದರೆ, ಅದು ವಿಮಾನವು ಇಲ್ಲಿ ನಿಂತ ಸ್ಥಳವನ್ನು ಬಿಟ್ಟು ಅಲ್ಲಿ ಹೋಗಿ ನಿಲ್ಲುವವರೆಗಿನ ಲೆಕ್ಕ. ಮುಂಬಯಿಯ ಎರಡು ರನ್‌ವೇಗಳು ಒಂದನ್ನೊಂದು ಕತ್ತರಿಸುವುದರಿಂದ ಎರಡರ ಮೇಲೂ ಏಕಕಾಲಕ್ಕೆ ವಿಮಾನ ಓಡಿಸುವಂತಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಹೋಟೆಲಿನ ಬಾಗಿಲಲ್ಲಿ ಗಿರಾಕಿಗಳು ಕಾಯುವಂತೆ ವಿಮಾನಗಳು ಅಲ್ಲಿ ಸರದಿ ಕಾಯುತ್ತವೆ.

ಇನ್ನು ಡೊಂಬಿವಲಿಯ ಖೋಲಿಯಿಂದ ಹೊರಟವನ ಲೆಕ್ಕವನ್ನು ನೋಡೋಣ. ನಿಲ್ದಾಣ ಸೇರಲು ಒಂದೂವರೆ ಗಂಟೆ. ಎರಡು ಗಂಟೆ ಮುಂಚಿತವಾಗಿ ಅಲ್ಲಿರಬೇಕು. ಹಾರಾಟವಾಯಿತು, ಸಾಮಾನು ಬಿಡಿಸಿಕೊಂಡದ್ದಾಯಿತು. ಬಜ್ಪೆಯಿಂದ ಕುಂದಾಪುರಕ್ಕೆ ಮತ್ತೆ ಎರಡು ಗಂಟೆಯ ದಾರಿ. ಏಳು ಗಂಟೆ ಮೀರಿತು! ಗುಡ್ಡದ ನೆತ್ತಿಯ ಆ ನಿಲ್ದಾಣಕ್ಕೆ ಮಳೆಗಾಲದಲ್ಲಿ ಮೋಡ ಕವಿದರೆ ವಿಮಾನವು ಬೆಂಗಳೂರಿಗೆ ತಿರುಗಿ ಹೋಗುವುದೂ ಉಂಟು. ಹಾಗಿದ್ದರೂ ರೈಲಿಗಿಂತ ಇದೇ ಬೇಗ. 1998ರಲ್ಲಿ ಕೊಂಕಣ ರೈಲ್ವೆ ಪೂರ್ಣವಾದ ಮೇಲೂ ಮಧ್ಯಾಹ್ನ ಹತ್ತಿದವನು ಕುಂದಾಪುರದಲ್ಲಿ ಇಳಿಯುವುದು ಮರುದಿನ ನಸುಕಿಗೆ.

ಇಪ್ಪತ್ತು ವರ್ಷಗಳ ಹಿಂದಿನ ಮಾತು. ನಮ್ಮಲ್ಲಿ ಬಡಿಸುತ್ತಿದ್ದ ಹುಡುಗನೊಬ್ಬನ ತಂದೆ ತೀರಿಕೊಂಡ ಸುದ್ದಿ ಬೆಳಗಿನ ಐದಕ್ಕೆ ಬಂತು. ಬೈಂದೂರಿನ ಆಚೆಯ ಮನೆ, ಆಷಾಢದ ಮಳೆ. ಹತ್ತೂವರೆಯ ವಿಮಾನಕ್ಕೆ ಟಿಕೆಟು ತೆಗೆಸಿಕೊಟ್ಟೆವು. “ಹನ್ನೆರಡಕ್ಕೆಲ್ಲ ಬರುತ್ತಾನೆ, ಕಾಯಿರಿ” ಎಂದು ಊರಿಗೆ ಫೋನು ಮಾಡಿದವರೂ ನಾವೇ. ವಿಮಾನವು ಸರಿಯಾದ ವೇಳೆಗೇ ಇಳಿಯಿತು. ಹುಡುಗನ ಬಳಿ ಮೊಬೈಲು ಇರಲಿಲ್ಲ. ಊರವರು ಎರಡರವರೆಗೆ ಕಾದರು; ಮಳೆ ತುಸು ಬಿಟ್ಟಿತೆಂದು, ಇನ್ನು ಅವನು ಬರಲಾರನೆಂದು ಬಗೆದು ಚಿತೆಗೆ ಬೆಂಕಿ ಇಟ್ಟರು. ಅವನು ಅಂಗಳಕ್ಕೆ ಕಾಲಿಟ್ಟಾಗ ಮೂರೂವರೆ. ನಾಲ್ಕಕ್ಕೆ ಬರುತ್ತಾನೆಂದು ನಾವು ಹೇಳಿದ್ದರೆ ಅವರು ನಾಲ್ಕರವರೆಗೂ ಕಾಯುತ್ತಿದ್ದರು.

ಉತ್ತರಕ್ರಿಯೆ ಮುಗಿಸಿ ಮರಳಿದವನು ಈ ಬಗ್ಗೆ ನಮ್ಮನ್ನು ಏನೂ ಕೇಳಲಿಲ್ಲ. “ಟಿಕೆಟಿನ ದುಡ್ಡನ್ನು ಪಗಾರದಲ್ಲಿ ಹಿಡಿದುಕೊಳ್ಳಿ, ಧನಿಗಳೇ” ಎಂದಷ್ಟೇ ಹೇಳಿ ಒಳಗೆ ಹೋದ.